ಮಲೆನಾಡಿನ ಮನೆ ಈಜುಕೊಳ: ಕ್ಲೋರಿನ್ ಡಬ್ಬಿ ತೆರೆಯುವ ಮೊದಲು

ನಮ್ಮ ಕೊಳಕ್ಕೆ ಮೊದಲ ಸಲ ನೀರು ತುಂಬಿದ್ದು ಒಂದು ಗುರುವಾರ. ಶನಿವಾರ ಹೋಂಸ್ಟೇಗೆ ಬೆಂಗಳೂರಿನಿಂದ ಎರಡು ಕುಟುಂಬ ಬರುವುದಿತ್ತು. ಬೋರ್‌ವೆಲ್ ನೀರು ತಿಳಿಯಾಗಿತ್ತು, ತಳದ ಟೈಲ್ಸ್ ಎಣಿಸಬಹುದಿತ್ತು. "ಬಾವಿಗೆ ಹಾಕ್ತೀವಲ್ಲ, ಅದೇ ಬ್ಲೀಚಿಂಗ್ ಪೌಡರ್ ಹಾಕಿ ಬಿಡು ಮಾರಾಯ, ಎಂತ ಆಗ್ತದೆ" ಅಂದರು ಅಪ್ಪಯ್ಯ. ಸಂಜೆ ಹಾಕಿದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡುತ್ತೇನೆ, ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುತ್ತದಲ್ಲ, ಆ ಚೊಗರಿನ ಬಣ್ಣ. ಕೊಳದ ತುಂಬಾ.

ಕ್ಲೋರಿನ್ ಸಾಕಾಗಿಲ್ಲ ಅಂದುಕೊಂಡು ಇನ್ನೆರಡು ಕೆಜಿ ಸುರಿದೆ. ಬಣ್ಣ ಇನ್ನೂ ಗಟ್ಟಿಯಾಯಿತು. ಬಂದ ಮಕ್ಕಳು ಕೊಳದ ದಡದಲ್ಲಿ ಕೂತು ಮೊಬೈಲ್ ನೋಡಿದರು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಲ್ಲೋ ಹೋಂಸ್ಟೇಯಲ್ಲೋ ಸಣ್ಣ ಕೊಳ ಇಟ್ಟುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಸಿಗುವ ಸಲಹೆಗಳು ಗಡಸು ನೀರಿನ, ಒಣ ಹವೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಂಥವು. ನಮ್ಮ ನೀರೇ ಬೇರೆ, ಮಳೆಯೇ ಬೇರೆ, ಕೊಳದ ಸುತ್ತ ಇರುವ ಮರಗಳೂ ಬೇರೆ. ಇಲ್ಲಿ ಕೊಳ ಕೆಟ್ಟರೆ ಕ್ಲೋರಿನ್ ಕಡಿಮೆಯಾಗಿದ್ದಕ್ಕಿಂತ ಬೇರೆ ಕಾರಣಗಳೇ ಜಾಸ್ತಿ.

ಲೆಕ್ಕಕ್ಕೆ ನಮ್ಮ ಕೊಳವನ್ನೇ ಇಟ್ಟುಕೊಳ್ಳುತ್ತೇನೆ. ಉದ್ದ 30 ಅಡಿ, ಅಗಲ 12 ಅಡಿ, ಸರಾಸರಿ ಆಳ 4 ಅಡಿ. ಮೂರನ್ನೂ ಗುಣಿಸಿದರೆ 1440 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಅಂದರೆ ಹತ್ತಿರ ಹತ್ತಿರ 40,000 ಲೀಟರ್. ನಿಮ್ಮದನ್ನು ಇವತ್ತೇ ಅಳೆದು ಪಂಪ್ ಶೆಡ್ಡಿನ ಗೋಡೆ ಮೇಲೆ ಬರೆದಿಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಬುಡ.

ಮೊದಲು ಬಕೆಟ್

ಹೊಸ ನೀರು ತುಂಬುವ ಮೊದಲು ಬಿಳಿ ಬಕೆಟ್ ಒಂದರಲ್ಲಿ ಅದೇ ನೀರು ಹಿಡಿಯಿರಿ. ಚಿಟಿಕೆ ಕ್ಲೋರಿನ್ ಪುಡಿ ಹಾಕಿ, ಕಲಕಿ, ರಾತ್ರಿ ಬಿಡಿ. ಬೆಳಿಗ್ಗೆಗೆ ಕೆಂಪಾಗಿ ತಳದಲ್ಲಿ ತುಕ್ಕಿನಂಥ ಗಸಿ ಕೂತಿದ್ದರೆ ನೀರಿನಲ್ಲಿ ಕಬ್ಬಿಣ ಇದೆ ಅಂತ ಅರ್ಥ. ನಮ್ಮದು ಜಂಬಿಟ್ಟಿಗೆ ನೆಲ. ಆ ಕೆಂಪೇ ಕಬ್ಬಿಣದ್ದು. ನೆಲದಾಳದಲ್ಲಿ ಗಾಳಿ ಸೋಕದೆ ಇರುವ ಕಬ್ಬಿಣ ನೀರಲ್ಲಿ ಕರಗಿಕೊಂಡು ಕಣ್ಣಿಗೆ ಕಾಣದೆ ಇರುತ್ತದೆ. ಕ್ಲೋರಿನ್ ತಗುಲಿದ ಕೂಡಲೇ ತುಕ್ಕಾಗಿ ಹೊರಬರುತ್ತದೆ. ನಮ್ಮ ಕೊಳದಲ್ಲಿ ಆಗಿದ್ದೂ ಇದೇ. ನಾನು ಸುರಿದಷ್ಟೂ ತುಕ್ಕು ಬಂತು.

ತುಂಬಿಯಾಗಿದ್ದರೆ ಗಾಬರಿ ಬೇಡ. ಹೊರಬಂದ ತುಕ್ಕನ್ನು ತಳಕ್ಕೆ ಕೂರಿಸಿ ಎಳೆದು ಹಾಕಬಹುದು. ಅದಕ್ಕೆ ಬೇಕಾದ್ದು ಪಟಿಕ. 40,000 ಲೀಟರಿಗೆ ಸುಮಾರು 2 ಕೆಜಿ, ನೀರಿನಲ್ಲಿ ಕರಗಿಸಿ ಸುತ್ತಲೂ ಚೆಲ್ಲಬೇಕು. ಆದರೆ ಪಟಿಕ ನೀರಿನ ಆಲ್ಕಲಿನಿಟಿಯನ್ನು, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ಗುಣವನ್ನು, ತಿನ್ನುತ್ತದೆ. ಮೆದು ನೀರಿಗೆ ಬರೀ ಪಟಿಕ ಹಾಕಿದರೆ ಪಿಎಚ್ (ಹುಳಿ-ಕ್ಷಾರದ ಅಳತೆ) ಧಡಕ್ಕನೆ ಬೀಳುತ್ತದೆ, ಗಸಿಯೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಅಡಿಗೆ ಸೋಡಾ ಹಾಕಿರಬೇಕು (ಲೆಕ್ಕ ಮುಂದೆ ಇದೆ). ಪಟಿಕ ಹಾಕಿ ಒಂದೆರಡು ಗಂಟೆ ನೀರು ತಿರುಗಿಸಿ, ಪಂಪ್ ನಿಲ್ಲಿಸಿ, ರಾತ್ರಿ ಯಾರೂ ನೀರು ಮುಟ್ಟಬಾರದು. ತಿರುಗಿಸುವಾಗ ಫಿಲ್ಟರ್ ಕವಾಟವನ್ನು ರೀಸರ್ಕ್ಯುಲೇಟ್ (ನೀರು ಮರಳಿಗೆ ಹೋಗದೆ ತಿರುಗುವ) ಕಡೆಗಿಡಿ, ಇಲ್ಲದಿದ್ದರೆ ಮರಳೆಲ್ಲ ಕೆಸರು. ಬೆಳಿಗ್ಗೆ ತಳದಲ್ಲಿ ಕೆಂಪು ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ. ಕವಾಟವನ್ನು ವೇಸ್ಟ್‌ಗೆ ತಿರುಗಿಸಿ, ವ್ಯಾಕ್ಯೂಮನ್ನು ಮೆಲ್ಲಗೆ ಎಳೆಯಿರಿ. ಅವಸರ ಮಾಡಿದರೆ ಮತ್ತೆ ಕದಡುತ್ತದೆ, ಇನ್ನೊಂದು ರಾತ್ರಿ ಕಾಯಬೇಕು. ನಾನು ಕಾದಿದ್ದೇನೆ.

ಟೈಲ್ಸಿನ ಮೇಲೆ ಕಂದು ಕಲೆ ಉಳಿದರೆ ಅದು ಕಬ್ಬಿಣದ್ದೋ ಎಲೆಯದ್ದೋ ತಿಳಿಯಲು ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಿಳಿಯಾದರೆ ಕಬ್ಬಿಣ. ಆಗದಿದ್ದರೆ ಎಲೆಯ ಚೊಗರು ಇರಬಹುದು. ಅದು ಕ್ಲೋರಿನ್‌ಗೆ ಮೆಲ್ಲಗೆ ಮಾಯುತ್ತದೆ.

ಅಳೆಯುವುದು ಹೇಗೆ, ಮೋಸ ಹೋಗುವುದು ಎಲ್ಲಿ

ಪಿಎಚ್ ಅಂದರೆ ಏನು ಅಂತ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ಬೆರೆಸುವಾಗ ಕತ್ತಿಯ ಮೊನೆ ಅದ್ದಿ ನೋಡುತ್ತೇವಲ್ಲ. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಅದೇ ಹುಳಿ-ಸುಣ್ಣದ ಲೆಕ್ಕ ಇಲ್ಲಿಯೂ. ಕತ್ತಿಯ ಬದಲು ಟೆಸ್ಟ್ ಕಿಟ್, ಅಷ್ಟೇ.

ಪಿಎಚ್ 7.2ರಿಂದ 7.8ರ ಒಳಗೆ ಇರಬೇಕು. ಬಳಕೆಗೆ ಸಿಗುವ ಕ್ಲೋರಿನ್, ಅಂದರೆ ಫ್ರೀ ಕ್ಲೋರಿನ್, 1ರಿಂದ 3 ಪಿಪಿಎಂ. ಆಲ್ಕಲಿನಿಟಿ 80ರಿಂದ 120. ಬಿಸಿಲಿಗೆ ತೆರೆದಿರುವ ಕೊಳವಾದರೆ ಸ್ಟೆಬಿಲೈಸರ್ (ಬಿಸಿಲಿಗೆ ಕ್ಲೋರಿನ್ ಹೋಗದಂತೆ ಕಾಯುವ ಪುಡಿ) 30ರಿಂದ 50. ಸಿಮೆಂಟ್ ಅಥವಾ ಟೈಲ್ಸ್ ಕೊಳಕ್ಕೆ ಕ್ಯಾಲ್ಸಿಯಂ ಗಡಸುತನ 200ರ ಮೇಲೆ. ಒಂದು ಪಿಪಿಎಂ ಅಂದರೆ ಸಾವಿರ ಲೀಟರಿಗೆ ಒಂದು ಗ್ರಾಂ.

ಹಳದಿ ಬಣ್ಣ ಬರುವ ಅಗ್ಗದ ಹನಿ ಕಿಟ್ ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ದುಡಿದು ಸತ್ತ ಕ್ಲೋರಿನ್ ಕೂಡ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತೆಗೆದುಕೊಳ್ಳಿ. ಫ್ರೀ ಎಷ್ಟು, ಒಟ್ಟು ಎಷ್ಟು ಅಂತ ಬೇರೆ ಬೇರೆ ಹೇಳುತ್ತದೆ. ಆದರೆ ಅದಕ್ಕೂ ಒಂದು ಕಳ್ಳಾಟ ಇದೆ. ಕ್ಲೋರಿನ್ ಅತಿಯಾದರೆ ಆ ಗುಲಾಬಿ ಬಣ್ಣವನ್ನೇ ಅದು ಸುಟ್ಟುಹಾಕುತ್ತದೆ. ಗುಳಿಗೆ ಬಿದ್ದ ಕ್ಷಣ ಒಂದು ಗುಲಾಬಿ ಎಳೆ ಮಿಂಚಿ, ನೋಡನೋಡುತ್ತಾ ನೀರು ಬಿಳಿಯಾಗುತ್ತದೆ. ಸೊನ್ನೆ ಅಂದುಕೊಂಡು ಇನ್ನಷ್ಟು ಸುರಿಯುತ್ತೇವೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಅಂಗಡಿಯ ಬಾಟಲಿ ನೀರು ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ. ಕ್ಲೋರಿನ್ ಅತಿಯಾಗಿದ್ದಾಗ ಪಿಎಚ್ ಹನಿಯೂ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ.

ನೀರನ್ನು ಮೊಣಕೈ ಆಳದಿಂದ, ನೀರು ಒಳಬರುವ ಬಾಯಿಗಿಂತ ದೂರದಲ್ಲಿ ತೆಗೆಯಿರಿ. ಬಣ್ಣವನ್ನು ಹಗಲಿನಲ್ಲಿ, ಬೆಳ್ಳಗಿನ ಹಿನ್ನೆಲೆಯಲ್ಲಿ ನೋಡಿ. ನಾನು ಬನಿಯನ್ ಎದುರಿಗೆ ಹಿಡಿದು ನೋಡುತ್ತೇನೆ.

ಮೆದು ನೀರಿನ ರಗಳೆ

ನಮ್ಮ ಕಡೆಯ ತೆರೆದ ಬಾವಿ, ಅಬ್ಬಿ ನೀರು ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ. ಬಟ್ಟೆ ಒಗೆಯಲು ಸುಖ, ಕೊಳಕ್ಕೆ ಕಷ್ಟ. ಅದರಲ್ಲಿ ಸುಣ್ಣದಂಶವೂ ಕಡಿಮೆ, ಆಲ್ಕಲಿನಿಟಿಯೂ ಕಡಿಮೆ. ಆಲ್ಕಲಿನಿಟಿ ಇಲ್ಲದ ನೀರು ಬುಡ ಗಟ್ಟಿಯಿಲ್ಲದ ಗಿಡದ ಹಾಗೆ. ಸ್ವಲ್ಪ ಹುಳಿ ಬಿದ್ದರೂ ಪಿಎಚ್ ಕೆಳಗೆ, ಸ್ವಲ್ಪ ಕ್ಷಾರ ಬಿದ್ದರೂ ಮೇಲೆ. ಬೆಳಿಗ್ಗೆ 7.4, ಸಂಜೆ 6.8 ಅಂತ ಬಂದರೆ ಕಿಟ್ ಕೆಟ್ಟಿದೆ ಅಂತ ಬೈಯಬೇಡಿ. ಆಲ್ಕಲಿನಿಟಿ ನೋಡಿ.

ಇದಕ್ಕೆ ಔಷಧ ಅಡಿಗೆ ಸೋಡಾ. ಈಜುಕೊಳದ ಹೆಸರಿನಲ್ಲಿ ಬೇರೆ ಡಬ್ಬಿಯಲ್ಲಿ ಮಾರುವುದೂ ಬಹಳ ಸಲ ಅದನ್ನೇ. ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಹೋದಾಗ ಕಿರಾಣಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತನ್ನಿ. ಸಾವಿರ ಲೀಟರಿಗೆ 17 ಗ್ರಾಂ ಹಾಕಿದರೆ ಆಲ್ಕಲಿನಿಟಿ 10 ಪಿಪಿಎಂ ಏರುತ್ತದೆ. 40,000 ಲೀಟರಿಗೆ ಸುಮಾರು 670 ಗ್ರಾಂ. 20 ಇದ್ದದ್ದನ್ನು 80ಕ್ಕೆ ತರಲು 4 ಕೆಜಿ. ಒಂದೇ ಸಲ ಬೇಡ, ಇವತ್ತು ಎರಡು, ನಾಳೆ ಅಳೆದು ಇನ್ನೆರಡು. ಬಹಳ ಸಲ ಇಷ್ಟಕ್ಕೇ ಪಿಎಚ್ ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ. ಪಿಎಚ್ ಅನ್ನೇ ಬೆನ್ನಟ್ಟಿಕೊಂಡು ಇವತ್ತು ಆಸಿಡ್, ನಾಳೆ ವಾಷಿಂಗ್ ಸೋಡಾ ಅಂತ ಒದ್ದಾಡುವವರನ್ನು ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ಸಾಗರದ ಹತ್ತಿರದ ನಮ್ಮ ಭಾವನ ಕೊಳದಲ್ಲಿ ಟೈಲ್ಸ್ ಸಂದಿನ ಸಿಮೆಂಟು ಉಗುರಿಗೇ ಕೆರೆದು ಬರುತ್ತಿತ್ತು. ಕಣ್ಣುರಿ ಅಂತ ಮಕ್ಕಳ ಗಲಾಟೆ. ಸ್ಟೀಲ್ ಏಣಿಯ ಬುಡದಲ್ಲಿ ತುಕ್ಕು. ಭಾವ ಮಾತ್ರ ನಿಶ್ಚಿಂತೆ: "ತೇಲುವ ಡಬ್ಬಿಗೆ ವಾರಕ್ಕೆರಡು ಮಾತ್ರೆ ಹಾಕಿದ್ರೆ ಮುಗೀತು, ಕ್ಲೋರಿನ್ ಯಾವಾಗಲೂ 3 ಇರ್ತದೆ." ಪಿಎಚ್ ಹನಿ ಬಿಟ್ಟೆ. ನಿಂಬೆ ಹಳದಿ. ಕಿಟ್ಟಿನ ಕೊನೆಯ ಗೆರೆ 6.8, ಅದಕ್ಕಿಂತ ಕೆಳಗೆ ಎಷ್ಟಿತ್ತೋ.

ಆ ಮಾತ್ರೆ ಟ್ರೈಕ್ಲೋರ್. ಬಹಳ ಹುಳಿ. ಜೊತೆಗೆ ಸ್ಟೆಬಿಲೈಸರ್ ಕೂಡ ಅದರೊಳಗೇ ಇದೆ. ಅದರಿಂದ 10 ಪಿಪಿಎಂ ಕ್ಲೋರಿನ್ ಹೋದರೆ 6 ಪಿಪಿಎಂ ಸ್ಟೆಬಿಲೈಸರ್ ನೀರಲ್ಲೇ ಉಳಿಯುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ನೂರು ದಾಟಿದ ಮೇಲೆ ಕಿಟ್‌ನಲ್ಲಿ ಕ್ಲೋರಿನ್ 3 ಅಂತ ತೋರಿಸುತ್ತಿದ್ದರೂ ಗೋಡೆಯಲ್ಲಿ ಹಾವಸೆ ಹಿಡಿಯುತ್ತದೆ. ಕ್ಲೋರಿನ್ ಇದೆ, ಕೈಕಾಲು ಕಟ್ಟಿಹಾಕಿದೆ. ಇದಕ್ಕೆ ಪುಡಿಯಿಲ್ಲ, ಔಷಧಿಯಿಲ್ಲ. ಅರ್ಧ ನೀರು ತೆಗೆದು ಹೊಸ ನೀರು ಬಿಟ್ಟರೆ ಸ್ಟೆಬಿಲೈಸರ್ ಅರ್ಧವಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ನೀರಿಗೆ ದಿನನಿತ್ಯಕ್ಕೆ ಒಳ್ಳೆಯದು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಅಂದರೆ ಹೈಪೋ ಪುಡಿ, 65 ಶೇಕಡಾದ್ದು. ಗಡಸು ನೀರಿನವರು ಅದನ್ನು ಕಂಡರೆ ಹೆದರುತ್ತಾರೆ, ಕ್ಯಾಲ್ಸಿಯಂ ಏರುತ್ತದೆ ಅಂತ. ನಮಗೆ ಅದೇ ಬೇಕಿರುವುದು. ಇಲ್ಲದಿದ್ದರೆ ಹಸಿದ ಮೆದು ನೀರು ಟೈಲ್ಸ್ ಸಂದಿಯಿಂದ ಸುಣ್ಣ ಕಿತ್ತುಕೊಳ್ಳುತ್ತದೆ. ಮಾತ್ರೆ ನಾಲ್ಕು ದಿನ ಊರಿಗೆ ಹೋಗುವಾಗ ಇರಲಿ.

ಎಷ್ಟು ಹಾಕಬೇಕು

40,000 ಲೀಟರಿಗೆ 1 ಪಿಪಿಎಂ ಏರಿಸಲು ಬೇಕಾದ್ದು 40 ಗ್ರಾಂ ಅಸಲಿ ಕ್ಲೋರಿನ್. 65 ಶೇಕಡಾದ ಪುಡಿಯಾದರೆ ಸುಮಾರು 60 ಗ್ರಾಂ. 10 ಶೇಕಡಾದ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಆದರೆ 400 ಮಿ.ಲೀ. ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ 130 ಗ್ರಾಂ. ಆದರೆ ಮಲೆನಾಡಿನ ಥಂಡಿಗೆ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆಷಾಢ ದಾಟಿದ ಚೀಲದಲ್ಲಿ ಉಳಿಯುವುದು ಹೆಚ್ಚುಕಮ್ಮಿ ಸುಣ್ಣವೇ. ಅದನ್ನು ಹಾಕಿದರೆ ನೀರು ಹಾಲಿನಂತಾಗುತ್ತದೆ, ಕ್ಲೋರಿನ್ ಏರುವುದಿಲ್ಲ. ಬೇರೇನೂ ಸಿಗದಿದ್ದಾಗ ಹಾಕುವುದಾದರೆ ರಾತ್ರಿ ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ಮೇಲಿನ ತಿಳಿ ಮಾತ್ರ ಬಗ್ಗಿಸಿ ಹಾಕಿ.

ಯಾವಾಗಲೂ ಸಂಜೆ ಹಾಕಿ, ಪಂಪ್ ಓಡುತ್ತಿರಲಿ. ನೀರಿಗೆ ಪುಡಿ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಟ್ರೈಕ್ಲೋರ್ ಮಾತ್ರೆಯನ್ನೂ ಹೈಪೋ ಪುಡಿಯನ್ನೂ ಒಂದೇ ಡಬ್ಬಿಗೆ, ಒಂದೇ ಸೌಟಿಗೆ ಸೋಕಿಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷಗಾಳಿ. ಈ ವಿಷಯದಲ್ಲಿ "ಸ್ವಲ್ಪ ತಾನೇ" ಅನ್ನುವ ಮಾತೇ ಇಲ್ಲ.

ಪಿಎಚ್ 7.5ರಲ್ಲಿದ್ದಾಗ ಹಾಕಿದ ಕ್ಲೋರಿನ್ನಿನಲ್ಲಿ ಹತ್ತಿರ ಅರ್ಧ ಚುರುಕಾಗಿ ಕೆಲಸ ಮಾಡುತ್ತದೆ. 8ಕ್ಕೆ ಏರಿದರೆ ಕಾಲು ಭಾಗ. ಅದಕ್ಕೇ ಪಿಎಚ್ ಮೊದಲು, ಕ್ಲೋರಿನ್ ಆಮೇಲೆ.

ರಾತ್ರಿ ಕಳ್ಳನೋ, ಹಗಲು ಕಳ್ಳನೋ

ಹಾಕಿದ ಕ್ಲೋರಿನ್ ನಿಲ್ಲುತ್ತಲೇ ಇಲ್ಲ ಅನ್ನುವುದು ಎಲ್ಲರ ದೂರು. ಕತ್ತಲಾದ ಮೇಲೆ ಒಮ್ಮೆ ಅಳೆಯಿರಿ, ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಸೂರ್ಯ ಇಲ್ಲ, ಈಜುವವರೂ ಇಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಕಡಿಮೆಯಾಗಿದ್ದರೆ ಒಳಗೆ ಏನೋ ತಿನ್ನುತ್ತಿದೆ. ಕಣ್ಣಿಗೆ ಕಾಣದ ಹಾವಸೆ ಇರಬಹುದು, ತಳದಲ್ಲಿ ಕೊಳೆಯುವ ದರಗು ಇರಬಹುದು, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಸತ್ತ ಕಪ್ಪೆ ಇರಬಹುದು. ನಮ್ಮಲ್ಲಿ ಒಮ್ಮೆ ಏಣಿಯ ಟೊಳ್ಳು ಕೊಳವೆಯೊಳಗೇ ಹಾವಸೆ ಬೆಳೆದಿತ್ತು.

ರಾತ್ರಿ ಇಳಿಯದೆ ಹಗಲು ಮಾತ್ರ ಮಾಯವಾದರೆ ಕಳ್ಳ ಸೂರ್ಯ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಏಪ್ರಿಲ್ ಬಿಸಿಲಿಗೆ ಒಂದೆರಡು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. 30 ಪಿಪಿಎಂ ಸ್ಟೆಬಿಲೈಸರ್ ಸಾಕು. 40,000 ಲೀಟರಿಗೆ 1200 ಗ್ರಾಂ, ಹಳೇ ಕಾಲುಚೀಲದಲ್ಲಿ ಕಟ್ಟಿ ನೀರು ಬರುವ ಬಾಯಿಯ ಮುಂದೆ ತೂಗುಬಿಡಿ. ಕರಗಲು ದಿನಗಟ್ಟಲೆ ಬೇಕು.

ನೀರು ಹಸಿರಾದರೆ ಮೊದಲು ಬಿಳಿ ಬಕೆಟ್ಟಿನಲ್ಲಿ ತುಂಬಿ ನೋಡಿ. ಮಬ್ಬು ಹಸಿರು, ಗೋಡೆ ಜಾರು: ಹಾವಸೆ. ತಿಳಿಯಾದ ಹಸಿರು-ನೀಲಿ: ತಾಮ್ರ. ನಮ್ಮ ಕಡೆ ತಾಮ್ರ ಎಲ್ಲಿಂದ ಬರುತ್ತದೆ ಅಂತ ಕೇಳಬೇಕಾ? ಮಳೆಗಾಲಕ್ಕೆ ಮೊದಲು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಇರುತ್ತದೆ. ಗಾಳಿ ಬೀಸಿದರೆ ತೋಟದ ಅಂಚಿನ ಕೊಳದ ಮೇಲೆ ಅದೇ ತುಂತುರು. ಔಷಧಿ ಹೊಡೆಯುವ ದಿನ ಕೊಳಕ್ಕೆ ಟಾರ್ಪಾಲ್ ಎಳೆಯಿರಿ, ಅಕ್ಕಪಕ್ಕದ ತೋಟದವರ ಹತ್ತಿರವೂ ಯಾವತ್ತು ಅಂತ ಕೇಳಿಟ್ಟುಕೊಳ್ಳಿ. ಹಾವಸೆಗೆ ಅಂತ ನೇರವಾಗಿ ತುತ್ತ ಹಾಕುವವರೂ ಇದ್ದಾರೆ. ಮಾಡಬೇಡಿ. ಗೋಡೆಗೆ ಕಲೆ, ಬಿಳಿ ಕೂದಲಿಗೆ ಹಸಿರು.

ಹಾವಸೆಯೇ ಆದರೆ ಅರೆಮನಸ್ಸಿನ ಕೆಲಸ ನಡೆಯುವುದಿಲ್ಲ. ಸ್ಟೆಬಿಲೈಸರ್ 30 ಇದ್ದರೆ ಕ್ಲೋರಿನ್ 12ಕ್ಕೆ ಏರಿಸಬೇಕು. ನಮ್ಮ ಕೊಳಕ್ಕೆ ಅದು ಸುಮಾರು 740 ಗ್ರಾಂ ಹೈಪೋ ಪುಡಿ. ಗೋಡೆ, ಮೂಲೆ, ಮೆಟ್ಟಿಲಿನ ಅಡಿ ಎಲ್ಲ ಬ್ರಷ್ ಹಾಕಿ ತಿಕ್ಕಿ. ಪಂಪ್ ನಿಲ್ಲಿಸಬೇಡಿ. ಇಳಿದಷ್ಟು ಮತ್ತೆ ತುಂಬುತ್ತಾ 12ರಲ್ಲೇ ಹಿಡಿದಿಡಿ. ಹಸಿರು ಹೋಗಿ ಬೂದಿ ಬಣ್ಣ, ಆಮೇಲೆ ಮಬ್ಬು ಬಿಳಿ, ಆಮೇಲೆ ತಿಳಿ. ನೀರು ತಿಳಿಯಾಗಿ, ರಾತ್ರಿ ಪರೀಕ್ಷೆಯಲ್ಲಿ 1ಕ್ಕಿಂತ ಕಡಿಮೆ ಇಳಿದರೆ ಮಾತ್ರ ನಿಲ್ಲಿಸಿ. ಬೂದಿ ಬಣ್ಣ ಬಂದ ಕೂಡಲೇ ಗೆದ್ದೆವು ಅಂತ ಬಿಟ್ಟವರು ವಾರದೊಳಗೆ ಮತ್ತೆ ಹಸಿರು ನೋಡುತ್ತಾರೆ. ಫಿಲ್ಟರ್ ಒತ್ತಡ ತೊಳೆದಾಗ ಇದ್ದದ್ದಕ್ಕಿಂತ 8-10 ಪಿಎಸ್‌ಐ ಏರಿದಾಗಲೆಲ್ಲ ಮರಳಿಗೆ ನೀರು ಉಲ್ಟಾ ಹಾಯಿಸಿ ಬ್ಯಾಕ್‌ವಾಶ್ ಮಾಡಿ. ಕ್ಲೋರಿನ್ 3ರ ಹತ್ತಿರ ಇಳಿಯುವವರೆಗೆ ಯಾರನ್ನೂ ಇಳಿಸಬೇಡಿ.

ಮೂಗಿಗೆ ಬಡಿಯುವ ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅನ್ನುತ್ತಾರಲ್ಲ, ಸಾಮಾನ್ಯವಾಗಿ ತಿರುಗುಮುರುಗು. ಬೆವರು, ಮೂತ್ರದ ಜೊತೆ ಸೇರಿ ಕ್ಲೋರಿನ್ ಬೇರೆ ರೂಪ ತಾಳಿದಾಗ ಬರುವ ವಾಸನೆ ಅದು. ಒಟ್ಟು ಕ್ಲೋರಿನ್ನಿನಿಂದ ಫ್ರೀ ಕಳೆಯಿರಿ. ಉಳಿದದ್ದು 0.5 ದಾಟಿದ್ದರೆ ಅದರ ಹತ್ತು ಪಟ್ಟು ಕ್ಲೋರಿನ್ ಒಂದೇ ಸಂಜೆ ಹಾಕಿ, ಟಾರ್ಪಾಲ್ ತೆಗೆದು ಗಾಳಿ ಬಿಸಿಲು ಆಡಲು ಬಿಡಿ. ಇಳಿಯುವ ಮೊದಲು ಒಂದು ಚೊಂಬು ನೀರು ಮೈಮೇಲೆ ಸುರಿದುಕೊಳ್ಳಿ ಅಂತ ಅತಿಥಿಗಳಿಗೆ ಹೇಳಲು ಸಂಕೋಚಪಡಬೇಡಿ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜುಲೈಯಲ್ಲಿ ದಿನಕ್ಕೆ 100 ಮಿ.ಮೀ. ದೊಡ್ಡ ಸುದ್ದಿಯಲ್ಲ. 100 ಮಿ.ಮೀ. ಬಿದ್ದರೆ ನಮ್ಮ ಕೊಳಕ್ಕೆ 3300 ಲೀಟರಿಗೂ ಜಾಸ್ತಿ ನೀರು ಮೇಲಿಂದ ಬರುತ್ತದೆ. ಅಷ್ಟೇ ನೀರು ಕ್ಲೋರಿನ್ನನ್ನೂ ಸೋಡಾವನ್ನೂ ಹೊತ್ತುಕೊಂಡು ತುಂಬಿ ಹರಿಯುತ್ತದೆ. ಹೀಗೆ ನಾಲ್ಕು ದಿನ ಹಿಡಿದರೆ ಕಾಲು ಭಾಗ ನೀರು ಬದಲಾದ ಹಾಗೆ. ಆಗ ವಾರಕ್ಕೊಮ್ಮೆ ಅಳೆದರೆ ಸಾಲದು, ದಿನ ಬಿಟ್ಟು ದಿನ ಬೇಕು. ಸೋಡಾವನ್ನು ಆಗಾಗ ಸ್ವಲ್ಪ ಸ್ವಲ್ಪ ಹಾಕುತ್ತಿರಿ. ಕರೆಂಟ್ ಹೋಗಿ ಪಂಪ್ ನಿಂತರೆ ಹೈಪೋವನ್ನು ಬಕೆಟ್ಟಿನಲ್ಲಿ ಕರಗಿಸಿ ಸುತ್ತಲೂ ಸುರಿದು ಬ್ರಷ್ಷಿನ ಉದ್ದ ಕೋಲಿನಿಂದ ಕಲಕಿ. ಅಂಗಳದ ಕೆಂಪು ನೀರು ಒಳಗೆ ಬಾರದಂತೆ ಸುತ್ತ ಸಣ್ಣ ಕಾಲುವೆ ತೋಡಿಡಿ. ಬಿದ್ದ ಹಾಳೆ, ಹಿಂಗಾರ ಅವತ್ತೇ ತೆಗೆಯಿರಿ.

ಬೇಡವೇ ಬೇಡ, ಮಳೆಗಾಲ ಮುಗಿಯುವವರೆಗೆ ಖಾಲಿ ಮಾಡಿಡೋಣ ಅಂತ ಮಾತ್ರ ಯೋಚಿಸಬೇಡಿ. ಜುಲೈಯಲ್ಲಿ ನಮ್ಮ ಬಾವಿ ನೀರು ಕೈಗೆ ಎಟುಕುವಷ್ಟು ಮೇಲೆ ಬರುತ್ತದೆ. ನೆಲದೊಳಗಿನ ಆ ನೀರು ಖಾಲಿ ಕೊಳವನ್ನು ಕೆಳಗಿನಿಂದ ಒತ್ತುತ್ತದೆ. ಫೈಬರ್ ಕೊಳ ದೋಣಿಯ ಹಾಗೆ ಎದ್ದು ಬರಬಹುದು, ಕಾಂಕ್ರೀಟ್ ಬಿರುಕು ಬಿಡಬಹುದು. ಸ್ಟೆಬಿಲೈಸರ್ ಇಳಿಸಲು ನೀರು ಬದಲಿಸುವುದಿದ್ದರೆ ಮಾರ್ಚಿನಲ್ಲಿ ಮಾಡಿ. ಮಳೆಗಾಲದಲ್ಲಿ ಆರಾರು ಇಂಚು ಇಳಿಸಿ, ತುಂಬಿ, ಮತ್ತೆ ಇಳಿಸಿ.

ಇಳಿಸುವ ನೀರನ್ನು ನೇರವಾಗಿ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಎರಡು ಮೂರು ದಿನ ಕ್ಲೋರಿನ್ ಹಾಕದೆ ಬಿಟ್ಟು, ಕಿಟ್ಟಿನಲ್ಲಿ ಸೊನ್ನೆ ಬಂದ ಮೇಲೆ ತೋಟದ ಬಸಿಗಾಲುವೆಗೆ ಬಿಡಿ. ಮಿಂಚಿ ಮಾಯವಾಗುವ ಗುಲಾಬಿ ಸೊನ್ನೆ ಅಲ್ಲ, ನಿಜವಾದ ಸೊನ್ನೆ.